ಅವರ ಬಗ್ಗೆ ಆಡುವ ಮಾತು, ಅವರೊಂದಿಗೆ ಆಡುವ ಮಾತು

(ಚಿಕ್ಕಮಗಳೂರಿನಲ್ಲಿ ಬ್ಯಾಂಕ್, ಸಹಕಾರ ಸಂಘ, ಕಾಫಿ ಕ್ಯೂರಿಂಗ್ ಮತ್ತು ತೋಟದ ಕಚೇರಿಗಳ ನೌಕರರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ನಡೆದ ಪ್ರಶ್ನೋತ್ತರದ ಒಂದು ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೊಯ್ಲು ಮುಗಿಯುತ್ತಾ ಬಂದಿದ್ದರೂ ಕಣದಲ್ಲಿ ಇನ್ನೂ ಕಾಫಿ ಹರಡಿಕೊಂಡಿರುವ ಈ ದಿನಗಳಲ್ಲಿ, ಸಿಕ್ಕ ಒಂದು ಭಾನುವಾರದ ಬಿಡುವನ್ನು ಬಿಟ್ಟುಕೊಟ್ಟು ನೀವಿಷ್ಟು ಜನ ಬಂದಿದ್ದೀರಿ. ಕೆಲಸದ ಜಾಗದಲ್ಲಿ ಮಾತು ಕೆಟ್ಟರೆ ಅದು ಎಷ್ಟು ದೂರದವರೆಗೆ ಮನುಷ್ಯನನ್ನು ಹಿಂಬಾಲಿಸುತ್ತದೆ ಎಂಬುದು ನಿಮಗೆ ಗೊತ್ತಿರುವುದರಿಂದಲೇ ಬಂದಿದ್ದೀರಿ ಎಂದು ನಾನು ತಿಳಿದಿದ್ದೇನೆ. ನಾನು 1986ರಿಂದ 2019ರವರೆಗೆ ಈ ಜಿಲ್ಲೆಯ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯ, ಅಂದರೆ ತೋಟದಿಂದ ಬಂದ ಒಣ ಕಾಫಿಯ ಸಿಪ್ಪೆ ತೆಗೆದು ಕಾಳು ವಿಂಗಡಿಸುವ ಕಾರ್ಖಾನೆಯ, ಕಚೇರಿಯಲ್ಲಿ ಕೆಲಸ ಮಾಡಿದವಳು. ಸೇರಿದಾಗ ಕಚೇರಿಯಲ್ಲಿ ನಾವು ಇಬ್ಬರೇ ಹೆಂಗಸರಿದ್ದೆವು. ಮನಃಶಾಸ್ತ್ರ ಓದಿದವಳಲ್ಲ, ಆದರೆ ಮೂವತ್ತಮೂರು ವರ್ಷ ಒಂದೇ ಸೂರಿನಡಿ ಬೇರೆ ಬೇರೆ ಸ್ವಭಾವದ ಜನರ ನಡುವೆ ಕುಳಿತು, ಕೆಲವರೊಂದಿಗೆ ಮಾತು ಬೆಳೆಸಿಕೊಂಡು, ಕೆಲವರೊಂದಿಗೆ ಮಾತು ಬಿಟ್ಟು, ಬಿಟ್ಟ ಮಾತನ್ನು ಮತ್ತೆ ಹಿಡಿದುಕೊಳ್ಳಲು ಪಟ್ಟ ಪಾಡಿನಿಂದ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ವಿಷಯ. ನಮಗೆ ಕಷ್ಟ ಕೊಡುವ ಮನುಷ್ಯನ ಬಗ್ಗೆ ನಾವು ಬಹಳ ಮಾತಾಡುತ್ತೇವೆ, ಆದರೆ ಆ ಮನುಷ್ಯನೊಂದಿಗೆ ಮಾತಾಡುವುದಿಲ್ಲ. ಎರಡು ಮೇಜಿನಾಚೆ ಕುಳಿತವರಿಗೆ ತಲುಪಬೇಕಾದ ಮಾತು ಕ್ಯಾಂಟೀನಿಗೆ ಹೋಗುತ್ತದೆ, ಅಲ್ಲಿಂದ ಬಸ್ ಸ್ಟಾಂಡಿಗೆ ಹೋಗುತ್ತದೆ, ರಾತ್ರಿ ಊಟದ ತಟ್ಟೆಯ ಮುಂದೆ ಮನೆಯವರ ಕಿವಿಗೆ ಬೀಳುತ್ತದೆ. ಊರೆಲ್ಲ ಸುತ್ತಿದರೂ ಆ ಎರಡು ಮೇಜು ದಾಟುವುದಿಲ್ಲ. ಬೆನ್ನ ಹಿಂದೆ ಆಡಿದ ಆ ಮಾತನ್ನು ಅವರ ಮುಖದೆದುರು ಹೇಳಬಹುದಾದ ರೂಪಕ್ಕೆ ತಂದುಕೊಳ್ಳುವುದೇ ನನ್ನ ಪ್ರಕಾರ ಈ ವಿಷಯದ ಮುಕ್ಕಾಲು ಪಾಲು ಕೆಲಸ. ಅದು ಧೈರ್ಯದ ಕೆಲಸವೆಂದು ಎಲ್ಲರೂ ಹೇಳುತ್ತಾರೆ. ಧೈರ್ಯ ಬೇಕು, ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಅದು ವಾಕ್ಯ ತಿದ್ದುವ ಕೆಲಸ.

ಬೆನ್ನ ಹಿಂದಿನ ಮಾತು ಹೇಗಿರುತ್ತದೆ ನೋಡಿ. "ಅವರ ಸ್ವಭಾವವೇ ಹಾಗೆ", "ಆಯಮ್ಮನ ಸುದ್ದಿಗೆ ಹೋಗಬೇಡಿ", "ಅವನಿಗೆ ಹೇಳಿದರೂ ಒಂದೇ, ಗೋಡೆಗೆ ಹೇಳಿದರೂ ಒಂದೇ." ಈ ಮಾತುಗಳಲ್ಲಿ ನಡೆದ ಸಂಗತಿ ಒಂದೂ ಇಲ್ಲ, ಬರೀ ತೀರ್ಪು ಇದೆ. ಸ್ವಭಾವವೇ ಹಾಗೆ ಎಂದ ಮೇಲೆ ಮಾತಾಡಲು ಏನು ಉಳಿಯಿತು? ಮನುಷ್ಯ ಮಾಡಿದ್ದೆಲ್ಲವನ್ನೂ ಅವನ ಸ್ವಭಾವದ ಲೆಕ್ಕಕ್ಕೆ ಬರೆಯುವ ಈ ಅಭ್ಯಾಸ ನಮ್ಮಲ್ಲಿ ಎಷ್ಟು ಆಳವಾಗಿದೆ ಎಂಬುದನ್ನು ತೋರಿಸುವ ಒಂದು ಪ್ರಯೋಗವನ್ನು ಅಮೆರಿಕದ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದರು. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಪರವಾಗಿ ಅಥವಾ ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ಜನರಿಗೆ ಓದಲು ಕೊಟ್ಟು, ಬರೆದವರ ನಿಜವಾದ ಅಭಿಪ್ರಾಯ ಏನಿರಬಹುದು ಎಂದು ಕೇಳಿದರು. ಇದನ್ನು ಬರೆದವರಿಗೆ ಆಯ್ಕೆ ಇರಲಿಲ್ಲ, ಯಾವ ಪಕ್ಷ ವಹಿಸಿ ಬರೆಯಬೇಕೆಂದು ಮೊದಲೇ ಹೇಳಲಾಗಿತ್ತು ಎಂದು ಸ್ಪಷ್ಟವಾಗಿ ತಿಳಿಸಿದಾಗಲೂ, ಪರವಾಗಿ ಬರೆದವರು ಮನಸ್ಸಿನಲ್ಲೂ ಪರವಾಗಿಯೇ ಇದ್ದಾರೆಂದು ಓದುಗರು ಭಾವಿಸುವತ್ತ ವಾಲಿದರು. ಹತ್ತು ವರ್ಷಗಳ ನಂತರ, 1977ರಲ್ಲಿ, ಲೀ ರಾಸ್ ಎಂಬ ಇನ್ನೊಬ್ಬ ವಿದ್ವಾಂಸರು ಈ ಪ್ರವೃತ್ತಿಗೆ ಒಂದು ಹೆಸರನ್ನೇ ಕೊಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮನುಷ್ಯ ನಿಂತಿರುವ ಜಾಗವನ್ನು ನೋಡದೆ ಮನುಷ್ಯನನ್ನು ಮಾತ್ರ ನೋಡುವ ತಪ್ಪು ಅದು.

ಈ ತಪ್ಪನ್ನು ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷವೇ ಮಾಡಿದೆ.

ಆಗ ಕಾಫಿ ಮಾರಾಟ ಇನ್ನೂ ಕಾಫಿ ಮಂಡಳಿಯ ಪೂಲ್ ಪದ್ಧತಿಯಲ್ಲಿತ್ತು. ಬೆಳೆಗಾರರು ತಮ್ಮ ಕಾಫಿಯನ್ನು ಈಗಿನ ಹಾಗೆ ಬೇಕಾದವರಿಗೆ ಮಾರುವಂತಿರಲಿಲ್ಲ. ಆ ಸ್ವಾತಂತ್ರ್ಯ ಪೂರ್ತಿಯಾಗಿ ಸಿಕ್ಕಿದ್ದು 1996ರಲ್ಲಿ. ಕಾಫಿಯನ್ನು ಮಂಡಳಿಗೆ ಒಪ್ಪಿಸಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ಹೀಗಿರುವಾಗ ಕ್ಯೂರಿಂಗಿನ ಬಾಗಿಲಲ್ಲಿ ತೂಕ ಮಾಡಿ ಕೊಡುವ ಒಂದು ರಸೀದಿಗೆ ಎಷ್ಟು ಬೆಲೆ ಎಂದು ನೀವೇ ಊಹಿಸಿ. ಕಳಸದಿಂದಲೋ ಬಾಳೆಹೊನ್ನೂರಿನಿಂದಲೋ ತಿರುವುಗಳನ್ನೆಲ್ಲ ದಾಟಿಕೊಂಡು ಲಾರಿ ಬಂದು ನಿಲ್ಲುವ ಹೊತ್ತಿಗೆ ನಾಲ್ಕೂವರೆಯಾದರೆ, ನಮ್ಮ ತೂಕದ ಗುಮಾಸ್ತರು ಪುಸ್ತಕ ಮುಚ್ಚಿಬಿಡುತ್ತಿದ್ದರು. ನಾಲ್ಕು ಗಂಟೆಯ ಮೇಲೆ ಬಂದ ಲೋಡು ನಾಳೆಗೆ. ಡ್ರೈವರು ಲಾರಿಯಲ್ಲೇ ಮಲಗಬೇಕು, ತೋಟದವರು ರಾತ್ರಿ ಇಲ್ಲಿ ಉಳಿಯಬೇಕು, ಅವರ ಸಿಟ್ಟೆಲ್ಲ ಎದುರಿನ ಕಿಟಕಿಯಲ್ಲಿ ಕುಳಿತ ನನ್ನ ಮೇಲೆ. ಗುಮಾಸ್ತರ ಗಂಟಲು ದೊಡ್ಡದು. ಕಚೇರಿಯಲ್ಲಿ ನಾವು ಅವರಿಗೆ "ಬೆಂಕಿ" ಎಂದು ಹೆಸರಿಟ್ಟಿದ್ದೆವು. ಹೆಸರಿಟ್ಟ ಮೇಲೆ ಅವರು ಏನು ಮಾಡಿದರೂ ಆ ಹೆಸರಿಗೆ ಸಾಕ್ಷಿಯಾಗಿಯೇ ಕಾಣುತ್ತಿತ್ತು.

ಒಂದು ಸಂಜೆ ತಡೆಯಲಾರದೆ ತೂಕದ ಮನೆಗೆ ಹೋಗಿ, ಹಮಾಲಿಗಳೂ ಡ್ರೈವರುಗಳೂ ನಿಂತಿರುವಾಗಲೇ, "ನೀವು ಯಾವಾಗಲೂ ಹೀಗೇ ಮಾಡುತ್ತೀರಿ, ಬೇರೆಯವರ ಕಷ್ಟ ನಿಮಗೆ ಗೊತ್ತೇ ಆಗುವುದಿಲ್ಲ" ಎಂದೆ. "ನಿನ್ನ ಕೆಲಸ ನೀನು ನೋಡ್ಕೋ ಹೋಗಮ್ಮ" ಎಂದರು. ಅಲ್ಲಿಗೆ ನಮ್ಮ ಮಾತು ನಿಂತಿತು. ಮೂರು ವಾರ ನಾವಿಬ್ಬರೂ ಅಟೆಂಡರ್ ಕೈಯಲ್ಲಿ ಚೀಟಿ ಕಳಿಸಿಕೊಂಡೇ ಕೆಲಸ ನಡೆಸಿದೆವು. ಆ ಅಟೆಂಡರಿಗೆ ಎಷ್ಟು ಬೇಸರವಾಗಿತ್ತೋ, ಒಂದು ದಿನ ಚೀಟಿಯನ್ನು ಮೇಜಿನ ಮೇಲಿಟ್ಟು, "ಅಮ್ಮಾ, ಒಂದು ಸಲ ಅವರ ಪುಸ್ತಕ ತೆಗೆದು ನೋಡಿ, ಆಮೇಲೆ ಬೇಕಾದರೆ ಜಗಳ ಮಾಡಿ" ಎಂದು ಹೇಳಿ ಹೋದರು.

ನಾನು ಪುಸ್ತಕ ನೋಡಲಿಲ್ಲ, ಗುಮಾಸ್ತರನ್ನೇ ಕೇಳಿದೆ. ಬೆಳಿಗ್ಗೆ ಲಾರಿಗಳು ಬರುವ ಮುಂಚೆ, ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, "ನಾಲ್ಕರ ಮೇಲೆ ಲೋಡು ತೆಗೆದುಕೊಂಡರೆ ನಿಮಗೇನು ತೊಂದರೆಯಾಗುತ್ತದೆ, ಸ್ವಲ್ಪ ಹೇಳಿ, ಬೆಳೆಗಾರರಿಗೆ ನಾನು ಉತ್ತರ ಕೊಡಬೇಕಲ್ಲ" ಎಂದೆ. ಅವರು ಇಪ್ಪತ್ತು ನಿಮಿಷ ಮಾತಾಡಿದರು. ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆಯೊಂದಿಗೆ ಒಣಗಿಸಿದ ಕಾಫಿ, ಶೇಕಡಾ 10ರಷ್ಟು ತೇವಾಂಶಕ್ಕೆ ಒಣಗಿರಬೇಕು. ಚೀಲಕ್ಕೆ ಚುಚ್ಚಿ ಸ್ಯಾಂಪಲ್ ತೆಗೆದು ತೇವಾಂಶ ನೋಡುವವರು ನಾಲ್ಕಕ್ಕೆ ಮನೆಗೆ ಹೋಗುತ್ತಾರೆ. ಅವರು ನೋಡದೆ ಇವರು ತೂಕ ಬರೆದುಕೊಂಡು, ಕಾಫಿ ಹಸಿಯಾಗಿದ್ದರೆ, ಗೋದಾಮಿನಲ್ಲಿ ಒಣಗಿ ಕಡಿಮೆಯಾದ ಅಷ್ಟೂ ತೂಕ ಇವರ ಹೆಸರಿಗೆ ಕೊರತೆಯಾಗಿ ನಿಲ್ಲುತ್ತದೆ. ನಾನು ಸೇರುವುದಕ್ಕೆ ಮುಂಚೆ ಅಂಥ ಒಂದು ಕೊರತೆಯನ್ನು ಅವರ ಸಂಬಳದಿಂದ ಕಂತಿನಲ್ಲಿ ಹಿಡಿದುಕೊಂಡಿದ್ದರು. ಆ ಕಂತುಗಳನ್ನು ಅವರು ತಿಂಗಳು ತಿಂಗಳಾಗಿ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದರು. ಅಟೆಂಡರು ನೋಡಲು ಹೇಳಿದ್ದು ಅದನ್ನು. ಗುಮಾಸ್ತರೂ ನಾನೂ ಸೇರಿ ಮ್ಯಾನೇಜರಿಗೆ ಒಂದು ಸಲಹೆ ಬರೆದೆವು: ತಡವಾಗಿ ಬಂದ ಲೋಡಿಗೆ ತೂಕ ಬೇಡ, ಚೀಲ ಎಣಿಸಿ, ಎಣಿಕೆಯನ್ನೂ ಬಂದ ಸಮಯವನ್ನೂ ಬರೆದು ಒಂದು ತಾತ್ಕಾಲಿಕ ಚೀಟಿ ಕೊಡುವುದು, ಸ್ಯಾಂಪಲ್ಲೂ ತೂಕವೂ ಮರುದಿನ ಬೆಳಿಗ್ಗೆ, ಬೇರೆ ಲಾರಿಗಳಿಗಿಂತ ಮೊದಲು. ಮ್ಯಾನೇಜರು ಒಪ್ಪಲು ಒಂದು ವಾರ ತೆಗೆದುಕೊಂಡರು. ಗುಮಾಸ್ತರ ಗಂಟಲು ಅದರಿಂದ ಸಣ್ಣದಾಗಲಿಲ್ಲ, ನಿವೃತ್ತಿಯಾಗುವವರೆಗೂ ಅವರು ಜೋರಾಗಿಯೇ ಮಾತಾಡಿದರು. ಆದರೆ ನಾಲ್ಕು ಗಂಟೆಯ ಜಗಳ ನಿಂತುಹೋಯಿತು, ಮತ್ತು ನನಗೆ ಬೇಕಾಗಿದ್ದುದು ಅದೇ.

ಎಷ್ಟೋ ವರ್ಷಗಳ ಮೇಲೆ, ಆಡಳಿತದ ಬಗ್ಗೆ ಚಿಂತಿಸಿದ ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಹೆಣ್ಣುಮಗಳು (1868–1933) 1925ರಲ್ಲಿ ಕೊಟ್ಟ ಒಂದು ಉಪನ್ಯಾಸದ ವಿಚಾರ ಓದಿದಾಗ ನನಗೆ ಈ ತೂಕದ ಮನೆಯೇ ನೆನಪಾಯಿತು. ಗ್ರಂಥಾಲಯದ ಒಂದು ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕು, ಫಾಲೆಟ್ ಅವರಿಗೆ ಮುಚ್ಚಬೇಕು. ಕೊನೆಗೆ ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಇದು ರಾಜಿಯಲ್ಲ, ಯಾರೂ ಏನನ್ನೂ ಬಿಟ್ಟುಕೊಡಲಿಲ್ಲ ಎಂಬುದು ಅವರ ವಾದ. ಏಕೆಂದರೆ ಅವರಿಗೆ ಬೇಕಾಗಿದ್ದುದು ಮುಚ್ಚಿದ ಕಿಟಕಿಯಲ್ಲ, ಉತ್ತರದ ಗಾಳಿ ನೇರವಾಗಿ ಮೈಮೇಲೆ ಬೀಸದಿರುವುದು, ಎದುರಿನವರಿಗೆ ಬೇಕಾಗಿದ್ದುದು ಕೋಣೆಗೆ ಒಂದಿಷ್ಟು ಗಾಳಿ. ನಾಲ್ಕು ಗಂಟೆ ಎಂಬುದು ನಮ್ಮ ಗುಮಾಸ್ತರ ಕಿಟಕಿಯಾಗಿತ್ತು. ಅವರ ಹಟವನ್ನು ಮುರಿಯಲು ಹೊರಟಿದ್ದ ನಾನು, ಆ ಹಟ ಯಾವುದನ್ನು ಕಾಯುತ್ತಿದೆ ಎಂದು ಕೇಳಿರಲಿಲ್ಲ.

ಇಲ್ಲಿ ಪ್ರಶ್ನೆಯ ರೂಪವನ್ನು ಸ್ವಲ್ಪ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕನ್ನಡದಲ್ಲಿ "ಯಾಕೆ" ಎಂಬ ಪದ ಕಾರಣ ಕೇಳುವುದಕ್ಕಿಂತ ತಪ್ಪು ಹೊರಿಸುವುದಕ್ಕೇ ಹೆಚ್ಚು ಬಳಕೆಯಾಗುತ್ತದೆ. "ಯಾಕೆ ಮಾಡಲಿಲ್ಲ?" ಎಂದು ಶಾಲೆಯಲ್ಲಿ ಮೇಷ್ಟ್ರು ಕೇಳಿದಾಗ ನಮ್ಮ ಕೈ ತಾನಾಗಿ ಮುಂದೆ ಚಾಚುತ್ತಿತ್ತಲ್ಲ, ದೊಡ್ಡವರಾದ ಮೇಲೂ ಆ ಪದ ಕೇಳಿದೊಡನೆ ಮನಸ್ಸು ಪೆಟ್ಟಿಗೆ ಸಿದ್ಧವಾಗುತ್ತದೆ. "ಏನು ತೊಂದರೆಯಾಗುತ್ತದೆ", "ಎಲ್ಲಿ ನಿಂತಿದೆ", "ಯಾರಿಂದ ಏನು ಬರಬೇಕು" ಎಂದು ಕೇಳಿದರೆ ಅದೇ ಉತ್ತರ ಸಿಗುತ್ತದೆ, ಕೇಳಿಸಿಕೊಂಡವರು ತಮ್ಮನ್ನು ಸಮರ್ಥಿಸಿಕೊಳ್ಳಲು ಹೊರಡುವುದಿಲ್ಲ. "ಯಾವಾಗಲೂ", "ಒಂದು ದಿನವಾದರೂ" ಎಂಬ ಪದಗಳನ್ನೂ ಬಿಡಬೇಕು. "ಯಾವಾಗಲೂ" ಎಂದ ಕೂಡಲೇ ಎದುರಿನವರು ತಾವು ಹಾಗೆ ಮಾಡದ ಒಂದು ದಿನವನ್ನು ಹುಡುಕಿ ತರುತ್ತಾರೆ, ಆಮೇಲೆ ಇಡೀ ಮಾತು ಆ ಒಂದು ದಿನದ ಬಗ್ಗೆಯೇ ನಡೆಯುತ್ತದೆ.

ಈಗ ಏಕವಚನದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಕಚೇರಿಯ ಜಗಳಗಳನ್ನು ಬಿಚ್ಚಿ ನೋಡಿದರೆ ಬಹಳಷ್ಟರ ಬುಡದಲ್ಲಿ ಕೆಲಸದ ವಿಷಯವಿರುವುದಿಲ್ಲ. "ನನ್ನನ್ನು ಏಕವಚನದಲ್ಲಿ ಮಾತಾಡಿಸಿದರು" ಎಂಬುದಿರುತ್ತದೆ. ಅದನ್ನು ಸಣ್ಣ ವಿಷಯ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ನಮ್ಮ ಭಾಷೆಯಲ್ಲಿ ಮರ್ಯಾದೆ ಕ್ರಿಯಾಪದದ ತುದಿಯಲ್ಲೇ ಕೂತಿರುತ್ತದೆ. "ಬಾ" ಮತ್ತು "ಬನ್ನಿ" ನಡುವೆ ಒಬ್ಬ ಮನುಷ್ಯನ ಇಡೀ ದಿನ ಹಾಳಾಗಬಹುದು. ಆದರೆ ಅದೇ ಕಾರಣಕ್ಕೆ ಅದನ್ನು ಎಚ್ಚರದಿಂದ ಅಳೆಯಬೇಕು. ನಮ್ಮ ಹಳ್ಳಿಗಳಲ್ಲಿ ಸಲಿಗೆಯಿಂದ ಹಿರಿಯರನ್ನೂ "ನೀನು" ಎನ್ನುತ್ತೇವೆ, ಅದರಲ್ಲಿ ಪ್ರೀತಿಯೇ ಇರುತ್ತದೆ. ನಮ್ಮಲ್ಲಿಗೆ ಒಮ್ಮೆ ಧಾರವಾಡದ ಕಡೆಯ ಅಧಿಕಾರಿಯೊಬ್ಬರು ವರ್ಗವಾಗಿ ಬಂದರು. ಅವರ ದನಿಯ ಏರಿಳಿತವೇ ಬೇರೆ. "ಏನ್ರೀ, ಹೇಳಿದ್ದು ತಿಳೀಲಿಲ್ಲೇನು?" ಎಂದರೆ ನಮ್ಮವರು ಬೈದರೆಂದು ಮುಖ ಚಿಕ್ಕದು ಮಾಡಿಕೊಂಡು ಹೊರಗೆ ಬರುತ್ತಿದ್ದರು. ಅವರು ಬೈದಿರಲಿಲ್ಲ, ತಿಳಿಯಿತೋ ಇಲ್ಲವೋ ಎಂದು ಕೇಳಿದ್ದರು ಅಷ್ಟೆ. ಅವರಿಗೋ ನಮ್ಮ ಬಗ್ಗೆ ಬೇರೆಯೇ ದೂರು. "ನಿಮ್ಮ ಮಂದಿ ಎಲ್ಲಾದಕ್ಕೂ ನೋಡೋಣ ಬಿಡಿ ಸಾರ್ ಅಂತಾರ, ಆಮ್ಯಾಲೆ ಮಾಡೂದಿಲ್ಲ" ಎಂದು ಒಂದು ದಿನ ನನ್ನ ಹತ್ತಿರ ಬೇಜಾರು ಮಾಡಿಕೊಂಡರು. ನಾವು "ನೋಡೋಣ" ಎಂದರೆ ಆಗುವುದಿಲ್ಲ ಎಂದರ್ಥ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಅಲ್ಲಿಂದ ನಾನು ಈ "ನೋಡೋಣ" ಮತ್ತು "ಆಯ್ತು"ಗಳನ್ನು ಬಹಳ ಗಮನಿಸತೊಡಗಿದೆ. ಮಲೆನಾಡಿನವರಾದ ನಾವು ಮುಖದ ಮೇಲೆ ಇಲ್ಲ ಎನ್ನಲು ಸಂಕೋಚಪಡುತ್ತೇವೆ. ಆದ್ದರಿಂದ "ಆಯ್ತು ಸಾರ್" ಎನ್ನುತ್ತೇವೆ. ಈ ಆಯ್ತು ಒಪ್ಪಿಗೆಯಾಗಿರಬಹುದು, ಕೇಳಿಸಿತು ಎಂಬುದಾಗಿರಬಹುದು, ಇನ್ನು ಈ ಮಾತು ನಿಲ್ಲಲಿ ಎಂಬುದಾಗಿರಬಹುದು; ಒಪ್ಪದವರು ಹೇಳಿದ ಆಯ್ತು ಹೆಚ್ಚಾಗಿ ಈ ಮೂರನೆಯದು. ಕೇಳಿದವರು ಅದನ್ನು ಒಪ್ಪಿಗೆಯೆಂದು ಎಣಿಸಿ, ಕೆಲಸವಾಗದಿದ್ದಾಗ "ಇವರು ಸುಳ್ಳುಗಾರರು, ನಂಬಿಕೆಗೆ ಅರ್ಹರಲ್ಲ" ಎಂದು ಹಣೆಪಟ್ಟಿ ಹಚ್ಚುತ್ತಾರೆ. ಇಲ್ಲಿ ತೋಟದ ಲೆಕ್ಕ ಬರೆದು ಆಳುಗಳನ್ನು ನೋಡಿಕೊಳ್ಳುವ ರೈಟರುಗಳು ಹಲವರು ಬಂದಿದ್ದೀರಿ. ಈಗ ಕೊಯ್ಲಿಗೆ ಅಸ್ಸಾಂ, ಬಂಗಾಳದ ಕಡೆಯಿಂದ ಬಂದವರು ನಿಮ್ಮ ಲೈನುಮನೆಗಳಲ್ಲಿ, ಆಳುಗಳ ಸಾಲುಮನೆಗಳಲ್ಲಿ, ಇದ್ದಾರೆ. "ಹಣ್ಣು ಮಾತ್ರ ಕೀಳಬೇಕು, ಹಸಿರು ಕಾಯಿ ಬೇಡ" ಎಂದು ಕನ್ನಡದಲ್ಲೋ ಅರೆಬರೆ ಹಿಂದಿಯಲ್ಲೋ ಹೇಳುತ್ತೀರಿ, ಅವರು ತಲೆಯಾಡಿಸುತ್ತಾರೆ, ಸಂಜೆ ಅಳತೆಗೆ ತಂದ ಚೀಲದಲ್ಲಿ ಅರ್ಧ ಕಾಯಿ ಇರುತ್ತದೆ, ಆಗ ನಿಮ್ಮ ದನಿ ಏರುತ್ತದೆ. ದನಿ ಏರಿಸಿದ್ದರಿಂದ ಭಾಷೆ ಅರ್ಥವಾಗುವುದಿಲ್ಲ. ಅವರ ಕೈಯಲ್ಲಿ ಒಂದು ಗಿಡದ ನಾಲ್ಕು ಗೊಂಚಲು ಕೀಳಿಸಿ, ಬುಟ್ಟಿಯಲ್ಲಿ ಬಿದ್ದದ್ದನ್ನು ಇಬ್ಬರೂ ಸೇರಿ ನೋಡಿದರೆ ಐದು ನಿಮಿಷದ ಕೆಲಸ. ಕಚೇರಿಯಲ್ಲೂ ಹಾಗೆಯೇ, "ಆಯ್ತಾ?" ಎಂದು ಕೇಳಿದರೆ "ಆಯ್ತು" ಎಂದೇ ಬರುತ್ತದೆ, "ಮೊದಲು ಯಾವುದನ್ನು ತೆಗೆದುಕೊಳ್ಳುತ್ತೀರಿ, ಅದಕ್ಕೆ ಯಾವ ಕಾಗದ ಬೇಕು?" ಎಂದು ಕೇಳಿದರೆ ಅವರ ಮನಸ್ಸಿನಲ್ಲಿರುವ ಅಡ್ಡಿ ಹೊರಗೆ ಬರುತ್ತದೆ. ಅಡ್ಡಿ ಹೊರಗೆ ಬಂದಾಗ ಸಿಟ್ಟಾಗಬಾರದು. ಒಮ್ಮೆ ಸಿಟ್ಟಾದರೆ ಮುಂದಿನ ಸಲ ಮತ್ತೆ "ಆಯ್ತು" ಎಂದೇ ಹೇಳುತ್ತಾರೆ.

ಏಕವಚನದ ವಿಷಯದಲ್ಲಿ ಇನ್ನೊಂದು ಮಾತನ್ನು ನಾನು ಹೇಳಲೇಬೇಕು. ಮೇಲಿನವರು ನಮ್ಮನ್ನು "ನೀನು" ಎಂದರೆ ನಮಗೆ ಉರಿಯುತ್ತದೆ. ಆದರೆ ಕಸ ಗುಡಿಸಲು ಬರುವ ನಮ್ಮದೇ ವಯಸ್ಸಿನ ಹೆಂಗಸನ್ನು, ಹಮಾಲಿಯನ್ನು, ಸೆಕ್ಯೂರಿಟಿಯವರನ್ನು ನಾವು ಯೋಚನೆಯಿಲ್ಲದೆ "ಬಾ, ಹೋಗು" ಎನ್ನುತ್ತೇವೆ. ಅವರು ನಮ್ಮ ಮೇಜಿನ ಮುಂದೆ ಬಂದು, ಮೇಡಂ, ಬಹುವಚನದಲ್ಲಿ ಕರೆಯಿರಿ ಎಂದು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಅವರ ಮನೆಯ ಊಟದ ತಟ್ಟೆಯ ಮುಂದೆ ಆಡುವ ಮಾತಿನಲ್ಲಿ ಕಷ್ಟದ ಮನುಷ್ಯ ನಾವೇ ಆಗಿರುತ್ತೇವೆ.

"ಅಂತೆ" ಎಂಬ ಎರಡಕ್ಷರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇಳಿದ ಸುದ್ದಿಯನ್ನು ಕೇಳಿದ್ದು ಎಂದು ಗುರುತು ಹಾಕಿ ಹೇಳುವ ಈ ಅನುಕೂಲವನ್ನು ನಮ್ಮ ಭಾಷೆ ನಮಗೆ ಕೊಟ್ಟಿದೆ. ಅದನ್ನು ಜವಾಬ್ದಾರಿ ತಪ್ಪಿಸಿಕೊಳ್ಳಲು ಬಳಸಬಾರದು. "ನೀವು ನನ್ನ ಬಗ್ಗೆ ಹಾಗಂದಿರಂತೆ" ಎಂದು ಆರಂಭವಾದ ಯಾವ ಮಾತೂ ಒಳ್ಳೆಯ ರೀತಿಯಲ್ಲಿ ಮುಗಿದದ್ದನ್ನು ನಾನು ಕಂಡಿಲ್ಲ, ಏಕೆಂದರೆ ಎದುರಿನವರಿಗೆ ಮೊದಲು ಬರುವ ಯೋಚನೆ "ಯಾರು ಹೇಳಿದ್ದು?" ಎಂಬುದು. ನಿಮ್ಮ ಕಣ್ಣೆದುರು ನಡೆದ, ನಿಮ್ಮ ಕಿವಿಗೆ ಬಿದ್ದ ಸಂಗತಿಯನ್ನು ಮಾತ್ರ ಹಿಡಿದು ಹೋಗಿ. ವಾಟ್ಸಾಪ್ ಗುಂಪಿನಲ್ಲಿ ಇಂಥ ಮಾತು ಎತ್ತಲೇಬೇಡಿ.

ಹೊತ್ತು ನೋಡಿ ಮಾತಾಡುವುದು ಹೇಡಿತನವಲ್ಲ ಎಂಬುದನ್ನೂ ಹೇಳಬೇಕು. ಮಾರ್ಚ್ ಕೊನೆಯಾದರೂ ಹೂಮಳೆ ಬೀಳದಿದ್ದರೆ ನಮ್ಮ ಕಚೇರಿಗೆ ಬರುವ ಪ್ರತಿ ಫೋನಿನಲ್ಲೂ ಸಿಡುಕು ಇರುತ್ತಿತ್ತು. ಗಿಡದಲ್ಲಿ ಮೊಗ್ಗು ನಿಂತಿದೆ, ಮಳೆಯಿಲ್ಲ, ಮುಂದಿನ ವರ್ಷದ ಫಸಲು ಆ ಒಂದೆರಡು ಇಂಚು ನೀರಿನ ಮೇಲೆ ನಿಂತಿದೆ. ಅಂಥ ದಿನ ಬೆಳೆಗಾರರಿಗೆ ಹಳೆಯ ಬಾಕಿಯ ಪತ್ರ ಕಳಿಸಬೇಡ, ಒಂದು ವಾರ ತಡೆ ಎಂದು ನನ್ನ ಹಿರಿಯರು ಹೇಳಿಕೊಟ್ಟಿದ್ದರು. ಪ್ರತಿಯೊಬ್ಬರ ಕೆಲಸದಲ್ಲೂ ಇಂಥ ಕಾಯುವ ದಿನಗಳಿರುತ್ತವೆ: ಬ್ಯಾಂಕಿನವರಿಗೆ ಮಾರ್ಚ್ ಮೂವತ್ತೊಂದು, ಸಹಕಾರ ಸಂಘದವರಿಗೆ ಆಡಿಟ್ ಬರುವ ವಾರ. ಎದುರಿನವರ ಆ ದಿನ ಯಾವುದೆಂದು ತಿಳಿದಿರುವುದು ಅವರಿಗೆ ತೋರಿಸುವ ದೊಡ್ಡ ಗೌರವ.

ಇಷ್ಟೆಲ್ಲ ಹೇಳಿದ ಮೇಲೆ, ಇದೆಲ್ಲ ಕೆಲಸಕ್ಕೆ ಬಾರದ ಕಡೆಯೂ ಒಂದಿದೆ ಎಂಬುದನ್ನು ಹೇಳದಿದ್ದರೆ ನಾನು ನಿಮಗೆ ಮೋಸ ಮಾಡಿದಂತಾಗುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ನಮ್ಮಲ್ಲಿ ಗಾರ್ಬ್ಲಿಂಗ್, ಅಂದರೆ ಕೆಟ್ಟ ಕಾಳು ಆರಿಸಿ ತೆಗೆಯುವ ಕೆಲಸ, ಇನ್ನೂ ಕೈಯಿಂದಲೇ ನಡೆಯುತ್ತಿತ್ತು. ಈಗ ಬಣ್ಣ ನೋಡಿ ಕಾಳು ಬೇರೆ ಮಾಡುವ ಯಂತ್ರಗಳು ಬಂದಿವೆ. ಆಗ ಹೆಂಗಸರು ಸಾಲುಸಾಲಾಗಿ ಕುಳಿತು ಕಪ್ಪುಕಾಳು, ಒಡಕು ಕಾಳುಗಳನ್ನು ಬೆರಳಿನಿಂದ ಆರಿಸಿ ತೆಗೆಯುತ್ತಿದ್ದರು. ಆರಿಸಿದ ಲೆಕ್ಕಕ್ಕೆ ಕೂಲಿ. ಅಲ್ಲಿದ್ದ ಒಬ್ಬ ಮೇಲ್ವಿಚಾರಕ ಒಬ್ಬ ಹೆಂಗಸಿನ ರಾಶಿಯನ್ನು ದಿನಕ್ಕೆ ಮೂರು ನಾಲ್ಕು ಸಲ ಕಾಲಿನಿಂದ ಕದಡಿ, "ಮತ್ತೆ ಆರಿಸು" ಎನ್ನುತ್ತಿದ್ದ; ಜೊತೆಗೆ ಅವನು ಬಾಗಿ ಅವಳ ಕಿವಿಯ ಹತ್ತಿರ ಆಡುತ್ತಿದ್ದ ಮಾತುಗಳನ್ನು ನಾನು ಇಲ್ಲಿ ಹೇಳಲಾರೆ. ಅವಳು ನನ್ನ ಹತ್ತಿರ ಬಂದು ಹೇಳಿಕೊಂಡಳು. ತೂಕದ ಗುಮಾಸ್ತರ ವಿಷಯದಲ್ಲಿ ಗೆದ್ದಿದ್ದ ಹುಮ್ಮಸ್ಸು ನನಗೆ. ಅವನಿಗೂ ಏನೋ ಒತ್ತಡ ಇರಬಹುದು, ನೀನು ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಸಮಾಧಾನವಾಗಿ ಮಾತಾಡಿ ನೋಡು ಎಂದೆ. ಅವಳು ಆ ಸೀಸನ್ ಮುಗಿಸಿ ಹೋದವಳು ಮತ್ತೆ ಬರಲಿಲ್ಲ. ನಾನು ಅವಳಿಗೆ ಕೊಟ್ಟ ಸಲಹೆ ತಪ್ಪಾಗಿತ್ತು. ಒಬ್ಬ ಮನುಷ್ಯ ತನ್ನ ಕೆಲಸದ ತೊಡಕಿನಿಂದ ಒರಟಾಗಿರುವುದು ಬೇರೆ, ಇನ್ನೊಬ್ಬರ ಮೇಲೆ ತನಗಿರುವ ಅಧಿಕಾರವನ್ನು ಅನುಭವಿಸುವುದಕ್ಕಾಗಿಯೇ ನೋಯಿಸುವುದು ಬೇರೆ. ಎರಡನೆಯದಕ್ಕೆ ನಯವಾದ ಮಾತು ಔಷಧಿಯಲ್ಲ. ಅಲ್ಲಿ ನಯವಾಗಿ ಮಾತಾಡೆಂದು ನೊಂದವರಿಗೇ ಬುದ್ಧಿ ಹೇಳುವುದು ನೋಯಿಸಿದವರ ಪಕ್ಷ ಸೇರಿದಂತೆ.

ಆಗ ನನಗೆ ಯಾವ ಬಾಗಿಲು ತಟ್ಟಬೇಕೆಂದು ಗೊತ್ತಿರಲಿಲ್ಲ. ಈಗ ಬಾಗಿಲು ಇದೆ, ಅದು ನಿಮಗೆಲ್ಲ ತಿಳಿದಿರಲೇಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ಕಾನೂನು 2013ರಲ್ಲಿ ಬಂದಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಡೆಯೂ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷತೆ ಮಹಿಳೆಯದೇ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರಿರಬೇಕು. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಬರೆಯಲು ಆಗದವರಿಗೆ ಬರೆದುಕೊಡಲು ಸಮಿತಿಯೇ ನೆರವಾಗಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ದಿನಗೂಲಿಯವರಿಗೂ ಗುತ್ತಿಗೆಯವರಿಗೂ ಇದು ಅನ್ವಯಿಸುತ್ತದೆ. ಜಾತಿಯ ಹೆಸರು ಹಿಡಿದು ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರೆದುರು ಹೀನಾಯವಾಗಿ ಮಾತಾಡುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅದನ್ನು "ಅವರ ಬಾಯಿಯೇ ಹಾಗೆ" ಎಂದು ಸಹಿಸಿಕೊಳ್ಳಬೇಕಾಗಿಲ್ಲ.

ಯಾವ ದೂರಿಗಾದರೂ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ತಾರೀಕು, ಹೊತ್ತು, ಯಾರಿದ್ದರು, ಅವರು ಆಡಿದ ಮಾತು ಅವರ ಬಾಯಲ್ಲಿ ಬಂದ ಹಾಗೆಯೇ, ಅಷ್ಟು ಸಾಕು. "ಕೆಟ್ಟದಾಗಿ ನಡೆದುಕೊಂಡರು" ಎಂದು ಬರೆದರೆ ವಿಚಾರಣೆ ಮಾಡುವವರಿಗೆ ಏನೂ ತಿಳಿಯುವುದಿಲ್ಲ. "ಮಧ್ಯಾಹ್ನ 3 ಗಂಟೆಗೆ, ಇಬ್ಬರ ಎದುರು, ರಾಶಿಯನ್ನು ಕಾಲಿನಿಂದ ಕದಡಿದರು" ಎಂದು ಬರೆದರೆ ತಿಳಿಯುತ್ತದೆ. ಅಂಥ ಒಂದು ಪುಸ್ತಕ ಆ ಹೆಂಗಸಿನ ಪರವಾಗಿ ನಾನು ಇಡಬಹುದಾಗಿತ್ತು. ನನಗೆ ಬರೆಯಲು ಬರುತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ.

ಇನ್ನು ಪ್ರಶ್ನೋತ್ತರ. ಹಲವು ಪ್ರಶ್ನೆಗಳು ಬಂದವು. ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ, ಏಕೆಂದರೆ ಅದರ ಉತ್ತರವನ್ನು ಸಭೆಯೇ ಸೇರಿ ಕಟ್ಟಿತು. ಒಂದು ಸಹಕಾರ ಸಂಘದಲ್ಲಿ ಕೆಲಸ ಮಾಡುವ ಚಿಕ್ಕ ವಯಸ್ಸಿನ ಹೆಣ್ಣುಮಗಳು ಎದ್ದು ನಿಂತು, ತನ್ನ ಹಿರಿಯ ಸಹೋದ್ಯೋಗಿ ಸದಸ್ಯರೆದುರೇ ತನ್ನ ತಪ್ಪುಗಳನ್ನು ಜೋರಾಗಿ ಎತ್ತಿ ಹೇಳುತ್ತಾರೆ, ಅವರಿಗೆ ಹೇಗೆ ಹೇಳಲಿ ಎಂದು ಕೇಳಿದಳು. ಏನು ಹೇಳಬೇಕೆಂದಿದ್ದೀಯಮ್ಮ ಎಂದು ಕೇಳಿದೆ. "ನೀವು ಎಲ್ಲರ ಮುಂದೆ ನನಗೆ ಅವಮಾನ ಮಾಡುತ್ತೀರಿ" ಎಂದಳು.

ಹಿಂದಿನ ಸಾಲಿನಿಂದ ವಯಸ್ಸಾದ ರೈಟರೊಬ್ಬರು, "ಅವಮಾನ ಅನ್ನೋದು ತೆಗೀರಿ, ನಾನೆಲ್ಲಿ ಅವಮಾನ ಮಾಡಿದೆ ಅಂತಾರೆ, ಅಲ್ಲಿಗೆ ಮುಗೀತು" ಎಂದರು. ಸರಿಯಾದ ಮಾತು. ಹಾಗಾದರೆ ನಡೆದದ್ದು ಏನು ಎಂದು ಕೇಳಿದಾಗ, ಮಂಗಳವಾರ ಒಬ್ಬ ಸದಸ್ಯರ ಠೇವಣಿಯ ಬಡ್ಡಿ ಲೆಕ್ಕವನ್ನು ತಾನು ತಪ್ಪು ಮಾಡಿದ್ದಾಗಿಯೂ, ಕೌಂಟರಿನ ಮುಂದೆ ಮೂವರಿದ್ದಾಗ ಅವರು "ಇಷ್ಟೂ ಗೊತ್ತಾಗಲ್ವಾ ನಿಂಗೆ" ಎಂದದ್ದಾಗಿಯೂ, ಆಮೇಲೆ ಆ ಸದಸ್ಯರು ತನ್ನ ಕೈಗೆ ಪಾಸ್‌ಬುಕ್ ಕೊಡದೆ ಅವರಿಗಾಗಿ ಕಾದು ಕುಳಿತದ್ದಾಗಿಯೂ ಹೇಳಿದಳು. ಇದನ್ನೇ ಹೇಳು ಎಂದೆವು. ತಪ್ಪು ಮಾಡಿದ್ದನ್ನು ಮೊದಲು ಹೇಳಬೇಕೋ ಕೊನೆಗೆ ಹೇಳಬೇಕೋ ಎಂಬ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ಮೊದಲೇ ಹೇಳುವುದೆಂದು ತೀರ್ಮಾನವಾಯಿತು, ಏಕೆಂದರೆ ನಾವು ಹೇಳದಿದ್ದರೆ ಅವರೇ ಅದನ್ನು ಹೇಳುತ್ತಾರೆ. ಸಾರ್ ಎನ್ನುತ್ತೀಯೋ ಏನೆನ್ನುತ್ತೀಯೋ ಎಂದು ಯಾರೋ ಕೇಳಿದರು. ಒಂದೇ ಊರಿನವರು, ಮೊದಲಿನಿಂದಲೂ ಅಣ್ಣ ಎಂದೇ ಕರೆಯುವುದು, ಅದಕ್ಕೇ ಹೇಳಲು ಇನ್ನೂ ಕಷ್ಟ ಎಂದಳು. ಅಣ್ಣ ಎಂದೇ ಕರೆ, ಇವತ್ತು ಇದ್ದಕ್ಕಿದ್ದಂತೆ ಸಾರ್ ಎಂದರೆ ಜಗಳಕ್ಕೆ ಬಂದಂತೆ ಕೇಳಿಸುತ್ತದೆ ಎಂದೆ.

ಕೊನೆಗೆ ಅವಳು ತನ್ನ ಪುಸ್ತಕದಲ್ಲಿ ಬರೆದುಕೊಂಡು ಓದಿದ್ದು ಇಷ್ಟು: "ಅಣ್ಣ, ಮಂಗಳವಾರ ಬಡ್ಡಿ ಲೆಕ್ಕ ತಪ್ಪಾಗಿದ್ದು ನನ್ನಿಂದಲೇ. ಆದರೆ ನೀವು ಅದನ್ನು ಮೂವರು ಸದಸ್ಯರ ಮುಂದೆ ಹೇಳಿದ ಮೇಲೆ ಅವರು ನನ್ನ ಕೈಗೆ ಪಾಸ್‌ಬುಕ್ ಕೊಡಲಿಲ್ಲ, ನಿಮಗೇ ಕಾದರು. ನಿಮ್ಮ ಕೆಲಸವೂ ನಿಂತಿತು. ಇನ್ನು ಮೇಲೆ ತಪ್ಪು ಕಂಡರೆ ಒಂದು ಚೀಟಿಯಲ್ಲಿ ಬರೆದು ನನ್ನ ಕಡೆ ಸರಿಸುತ್ತೀರಾ? ನಾನು ಆಗಲೇ ತಿದ್ದುತ್ತೇನೆ."

ಯಾವಾಗ ಹೇಳುತ್ತೀಯಮ್ಮ ಎಂದು ಕೇಳಿದೆ. ಅವರು ಒಂಬತ್ತೂವರೆಗೇ ಬಂದು ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಾರೆ, ಷಟರ್ ಪೂರ್ತಿ ಎತ್ತುವುದು ಹತ್ತಕ್ಕೆ, ಆ ನಡುವಿನ ಅರ್ಧ ಗಂಟೆಯಲ್ಲಿ ಇಬ್ಬರೇ ಇರುತ್ತೇವೆ, ನಾಳೆ ಸೋಮವಾರ ಆಗ ಹೇಳುತ್ತೇನೆ ಎಂದಳು.